ಏಳನೇ ನಂಬರಿನ ಅಂಗಿ

ನನ್ನ ಮುಂದಿನ ಎರಡು ಮೇಲ್ಹಲ್ಲುಗಳು ಕಟ್ಟಿಸಿದವು. ಚಕ್ಕುಲಿ ಕಡಿಯಲು ಆಗುವುದಿಲ್ಲ, ಜೋರಾಗಿ ಸೀನಿದರೆ ಸಡಿಲವಾಗುತ್ತವೆ. ನೆಂಟರ ಮಕ್ಕಳು ಗೋಗರೆದರೆ ತೆಗೆದು ಅಂಗೈಯಲ್ಲಿಟ್ಟು ತೋರಿಸುತ್ತೇನೆ, ಅವು ಕಿರುಚಿಕೊಂಡು ಹಿತ್ತಲಿಗೆ ಓಡುತ್ತವೆ. ಹಾಕಿ ಆಡಿ ನಾನು ಮನೆಗೆ ತಂದ ವಸ್ತುಗಳಲ್ಲಿ ಈಗಲೂ ದಿನಾ ಉಪಯೋಗಕ್ಕೆ ಬರುವುದು ಇದೊಂದೇ. ಗೆದ್ದು ತಂದ ಕಪ್ಪುಗಳಲ್ಲಿ ಅಮ್ಮ ಸಾಸಿವೆ, ಮೆಂತ್ಯ ಹಾಕಿಟ್ಟಿದ್ದಾಳೆ.

ನಮ್ಮದು ಕುಂದಾಣದ ಕಡೆಯ ಹಳ್ಳಿ. ಚಿಕ್ಕಂದಿನಿಂದ ನನಗೆ ಮೂಗಿನ ತುದಿಯಲ್ಲೇ ಕೋಪ. ಪಕ್ಕದ ಮನೆಯವಳು ನಮ್ಮ ಬಿಂದಿಗೆ ಸರಿಸಿ ತನ್ನದನ್ನು ನಲ್ಲಿಗೆ ಇಟ್ಟಳೆಂದು ಅವಳ ಬಿಂದಿಗೆಯನ್ನು ನಜ್ಜುಗುಜ್ಜು ಮಾಡಿದ್ದೆ. ಆಗ ನನಗೆ ಹತ್ತು ವರ್ಷ. "ಕೋಪದಲ್ಲಿ ಕುಯ್ದ ಮೂಗು ಶಾಂತವಾದ್ಮೇಲೆ ಬರಲ್ಲ ಕಣೇ" ಎಂದು ಅಜ್ಜಿ ಹೇಳುತ್ತಲೇ ಇದ್ದಳು. ಯಾರ ಮೂಗು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದೇವನಹಳ್ಳಿಯಲ್ಲಿ ಪಿ.ಯು.ಸಿ.ಗೆ ಸೇರಿದ ವರ್ಷ ಬಸ್ ನಿಲ್ದಾಣದಲ್ಲಿ ಜಡೆ ಎಳೆದವನೊಬ್ಬನಿಗೆ ಛತ್ರಿಯಿಂದ ಬಾರಿಸಿ ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತಿದ್ದಾಗ ಪಿ.ಟಿ. ಮೇಷ್ಟ್ರು ನೋಡಿದರು. "ಇಷ್ಟೊಂದು ಕೋಪ ಇಟ್ಕೊಂಡು ಇಲ್ಲ್ಯಾಕ್ ನಿಂತಿದೀಯಮ್ಮ, ಸಾಯಂಕಾಲ ಗ್ರೌಂಡಿಗೆ ಬಾ" ಎಂದರು. ಹೋದೆ. ಕೈಗೆ ಸ್ಟಿಕ್ ಕೊಟ್ಟರು.

ಡಿಗ್ರಿಯಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದೆ. ಅಲ್ಲಿ ಕೊಡಗಿನ ಹುಡುಗಿಯರಿದ್ದರು. ಚೆಂಡು ಅವರ ಸ್ಟಿಕ್ಕಿಗೆ ಅಂಟಿಕೊಂಡೇ ಓಡುತ್ತಿತ್ತು. ನನಗೆ ಆ ವಿದ್ಯೆ ಬರಲೇ ಇಲ್ಲ. ನನಗೆ ಬರುತ್ತಿದ್ದದ್ದು ಹೊಡೆಯುವುದು. ಹಿಂದೆ ನಿಂತು ಬಂದವರನ್ನು ತಡೆಯುವುದು, ಚೆಂಡು ಸಿಕ್ಕರೆ ಅದರ ಜನ್ಮ ಜಾಲಾಡುವಂತೆ ಬೀಸುವುದು. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಎರಡು ದಿನ ರೈಲಿನಲ್ಲಿ ಕೂತು ಹೋಗಿ, ಯಾವುದೋ ಊರಿನ ಹಾಸ್ಟೆಲ್ ವರಾಂಡದಲ್ಲಿ ಮಲಗಿ, ಎರಡೇ ಪಂದ್ಯ ಆಡಿ ಸೋತು, ಊದಿದ ಕಾಲಿನಲ್ಲಿ ವಾಪಸ್ ಬರುತ್ತಿದ್ದೆವು. ನಾನು ಚೆನ್ನಾಗಿ ಆಡುತ್ತೇನೆಂದು ಯಾರೂ ಹೇಳಿದ್ದಿಲ್ಲ. ಚೆನ್ನಾಗಿ ಹೊಡೆಯುತ್ತಾಳೆ ಎಂದು ಎಲ್ಲರೂ ಹೇಳುತ್ತಿದ್ದರು, ನನಗೆ ಅಷ್ಟೇ ಸಾಕಾಗಿತ್ತು.

ಆ ಹೊಡೆತದ ಮೇಲೆಯೇ ಕೆಲಸ ಸಿಕ್ಕಿತು. ಬೆಂಗಳೂರಿನ ಒಂದು ಸರ್ಕಾರಿ ಕಚೇರಿಗೆ ಮಹಿಳಾ ಹಾಕಿ ತಂಡವಿತ್ತು, ರಾಜ್ಯದ ಲೀಗಿನ ಕೆಳಗಿನ ದರ್ಜೆಯಲ್ಲಿ ಆಡುತ್ತಿತ್ತು. ಎರಡು ವರ್ಷ ಕಾಂಟ್ರ್ಯಾಕ್ಟ್. ಚೆನ್ನಾಗಿ ಆಡಿ, ನಡತೆ ಸರಿಯಿದ್ದರೆ ಆಮೇಲೆ ಪರ್ಮನೆಂಟ್ ಆರ್ಡರ್. ಬೆಳಿಗ್ಗೆ ಮೈದಾನ, ಮಧ್ಯಾಹ್ನ ಡಿಸ್ಪ್ಯಾಚ್ ಸೆಕ್ಷನ್ನಿನಲ್ಲಿ ಕವರಿಗೆ ಅಂಟು ಹಚ್ಚುವುದು, ಸಾಯಂಕಾಲ ದೇವನಹಳ್ಳಿ ಬಸ್ಸು. ನಮ್ಮ ವಂಶದಲ್ಲಿ ಸರ್ಕಾರಿ ಕುರ್ಚಿಯ ಮೇಲೆ ಕೂತ ಮೊದಲ ಹೆಣ್ಣು ನಾನು. ಅಪ್ಪ ಊರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದ.

ಟಿ.ವಿ.ಯಲ್ಲಿ ಹಾಕಿ ನೋಡುವವರಿಗೆ ನಮ್ಮ ದರ್ಜೆಯ ಹಾಕಿ ಗೊತ್ತಿರುವುದಿಲ್ಲ. ನಮ್ಮಲ್ಲಿ ಕ್ಯಾಮೆರಾ ಇರಲಿಲ್ಲ, ಇಬ್ಬರು ಅಂಪೈರುಗಳಿದ್ದರು, ಅವರ ಬೆನ್ನು ತಿರುಗಿದ ಕೂಡಲೇ ಬೇರೆ ಆಟ ಶುರುವಾಗುತ್ತಿತ್ತು. ಸ್ಟಿಕ್ಕಿನ ಹಿಡಿಯಿಂದ ಪಕ್ಕೆಗೆ ತಿವಿಯುವುದು, ಮುಳ್ಳಿನ ಶೂನಿಂದ ಪಾದ ತುಳಿದು ತಿರುಚುವುದು, ಓಡುವವಳ ಜಡೆಗೆ ಬೆರಳು ಸಿಕ್ಕಿಸುವುದು. ರಕ್ತ ಕಂಡರೆ ಅಂಪೈರು ಹೊರಗೆ ಕಳಿಸುತ್ತಾರೆಂದು ಅದನ್ನು ಕಪ್ಪು ಚಡ್ಡಿಗೆ ಒರೆಸಿಕೊಂಡು ಆಡುತ್ತಿದ್ದೆವು. ಒಮ್ಮೆ ನನ್ನ ಎಡಗೈ ಕಿರುಬೆರಳು ಪೂರ್ತಿ ಹಿಂದಕ್ಕೆ ಮಡಚಿಕೊಂಡಿತು. ಕ್ಯಾಪ್ಟನ್ ಅದನ್ನು ಟಕ್ಕೆಂದು ಎಳೆದು ಕೂರಿಸಿ "ಆಡ್ ನಡಿ" ಎಂದಳು. ನಾನೂ ಕಡಿಮೆಯವಳಲ್ಲ, ಎಷ್ಟು ಜನರ ಮೊಣಕಾಲ ಕೆಳಗೆ ನೀಲಿ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಸುಳ್ಳೇಕೆ, ನನಗದು ಇಷ್ಟವಾಗಿತ್ತು. ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಕೋಪಕ್ಕೆ ಇಲ್ಲಿ ಚಪ್ಪಾಳೆ ಸಿಗುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ನಮ್ಮ ದರ್ಜೆಯಲ್ಲಿ ಅಂಗಿ ಆಟಗಾರ್ತಿಯದಲ್ಲ, ಕಚೇರಿಯದು. ಒಂದು ಚೀಲದಲ್ಲಿ ಹದಿನಾರು ಅಂಗಿ ಬರುತ್ತವೆ, ಯಾರಿಗೆ ಯಾವುದು ಆಗುತ್ತದೋ ಅದು. ಒಬ್ಬಳು ಮದುವೆಯಾಗಿ ಹೋದರೆ, ಕಾಲು ಮುರಿದುಕೊಂಡರೆ, ಅವಳ ನಂಬರು ಒಗೆದು ಒಣಗಿ ಮುಂದಿನ ವಾರ ಇನ್ನೊಬ್ಬಳ ಬೆನ್ನ ಮೇಲಿರುತ್ತದೆ. ನನ್ನ ನಾಲ್ಕನೇ ನಂಬರಿನ ಕಾಲರ್ ಒಳಗೆ ಯಾರದೋ ಹೆಸರಿನ ಮೊದಲಕ್ಷರ ಹೊಲಿದಿತ್ತು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮರೆತೆ.

ಎರಡನೇ ವರ್ಷದ ಲೀಗಿನ ಮೊದಲ ಸುತ್ತಿನಲ್ಲಿ ಇನ್ನೊಂದು ಕಚೇರಿಯ ತಂಡದೊಂದಿಗೆ ಪಂದ್ಯವಿತ್ತು. ನಮಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಆಗ ಗೋಲ್‌ಕೀಪರ್ ಸೇರಿ ಎದುರು ತಂಡದ ಐವರು ಗೋಲಿನ ಗೆರೆಯ ಹಿಂದೆ ನಿಲ್ಲಬೇಕು. ನಮ್ಮವಳೊಬ್ಬಳು ಪಕ್ಕದಿಂದ ಚೆಂಡು ತಳ್ಳುತ್ತಾಳೆ, ಇನ್ನೊಬ್ಬಳು ನಿಲ್ಲಿಸುತ್ತಾಳೆ, ನಾನು ಹೊಡೆಯುತ್ತೇನೆ. ಚೆಂಡು ತಳ್ಳಿದ ಕ್ಷಣ ಅವರ ಕಡೆಯಿಂದ ಒಬ್ಬಳು ಗೆರೆ ಬಿಟ್ಟು ನೇರ ನನ್ನತ್ತ ಓಡಿ ಬರುತ್ತಾಳೆ, ಹೊಡೆತಕ್ಕೆ ಅಡ್ಡ ಬೀಳುವುದೇ ಅವಳ ಕೆಲಸ. ಅದಕ್ಕೆಂದೇ ಮುಖಕ್ಕೆ ಪ್ಲಾಸ್ಟಿಕ್ಕಿನ ಮುಖವಾಡ ಹಾಕಿರುತ್ತಾರೆ. ಹಾಗೆ ಓಡಿ ಬಂದವಳ ಅಂಗಿಯ ನಂಬರು ಏಳು. ನಾನು ಹೊಡೆದೆ, ಚೆಂಡು ಅವಳನ್ನು ದಾಟಿ ಹೋಯಿತು, ಅವಳ ಸ್ಟಿಕ್ಕು ಮಾತ್ರ ನಿಲ್ಲದೆ ಮೇಲೆದ್ದು ನನ್ನ ಬಾಯಿಗೆ ಬಿತ್ತು. ಕಟುಂ ಎಂದು ಕೇಳಿಸಿದ್ದು ನನ್ನ ತಲೆಯೊಳಗೆ. ಉಗಿದರೆ ರಕ್ತದ ಜೊತೆ ಒಂದು ಹಲ್ಲು, ಇನ್ನೊಂದು ನುಂಗಿದೆನೋ ಏನೋ ಸಿಗಲಿಲ್ಲ.

ಅವಳು ಮುಖವಾಡ ಎತ್ತಿ "ಸಾರಿ ಕಣೇ" ಎಂದಳು. ನಗುತ್ತಿದ್ದಳು. ಗಾಬರಿಗೆ ಕೆಲವರು ನಗುತ್ತಾರೆಂದು ಈಗ ಗೊತ್ತು. ಅವಳು ಬೇಕೆಂದೇ ಹೊಡೆದಳೋ, ತಪ್ಪಿ ತಾಗಿತೋ, ಇವತ್ತಿಗೂ ಹೇಳಲಾರೆ. ಆದರೆ ಆವತ್ತು ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆಮೇಲಿನ ಎರಡು ತಿಂಗಳು ನನ್ನ ಬಾಯಲ್ಲಿ ಹಲ್ಲಿರಲಿಲ್ಲ, ಏಳನೇ ನಂಬರಿತ್ತು. ಮೈದಾನದಲ್ಲಿ, ಕ್ಯಾಂಟೀನಿನಲ್ಲಿ, ವಿಶ್ವವಿದ್ಯಾಲಯದ ಹಳೆಯ ಗೆಳತಿಯರು ಸಿಕ್ಕಲ್ಲಿ, ಎಲ್ಲಿ ಕೂತರೂ ಅದೇ ಮಾತು. "ಸೆಕೆಂಡ್ ರೌಂಡ್ ಬರ್ಲಿ, ಅವಳ ಕಾಲು ಮುರೀದಿದ್ರೆ ಕೇಳು." ಅವರೆಲ್ಲ ನಕ್ಕರು. ಆ ಲೀಗಿನಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಕಡಿಮೆ, ಬೆಳಿಗ್ಗೆ ಒಂದು ಕಚೇರಿಯಲ್ಲಿ ಆಡಿದ ಮಾತು ಸಾಯಂಕಾಲಕ್ಕೆ ಇನ್ನೊಂದರಲ್ಲಿರುತ್ತದೆ. ನಾನು ಅದನ್ನೂ ಯೋಚಿಸಲಿಲ್ಲ. ಯೋಚಿಸುವ ಜಾಗದಲ್ಲೆಲ್ಲ ಅವಳ ನಗುವೇ ತುಂಬಿಕೊಂಡಿತ್ತು.

ಎರಡನೇ ಸುತ್ತಿನ ಪಂದ್ಯ ಹೊಸಕೋಟೆಯ ಒಂದು ಕಾಲೇಜಿನ ಮಣ್ಣಿನ ಮೈದಾನದಲ್ಲಿ ನಡೆಯಿತು. ಆಟಕ್ಕೆ ಮುಂಚೆ ಎರಡೂ ತಂಡದವರು ಸಾಲಾಗಿ ನಿಂತು ಕೈ ಕುಲುಕಬೇಕು. ಅವಳ ಕೈ ಮುಟ್ಟಬಾರದೆಂದು ನಾನು ಶೂ ಲೇಸು ಕಟ್ಟುವ ನೆಪದಲ್ಲಿ ತಲೆ ತಗ್ಗಿಸಿ ಕೂತೆ. ಆ ಸಾಲಿನಲ್ಲಿ ನಿಂತಿದ್ದರೆ ಎಲ್ಲರ ಮುಖ ನೋಡಿರುತ್ತಿದ್ದೆ.

ಆಟ ಶುರುವಾಗಿ ನಾಲ್ಕೈದು ನಿಮಿಷಕ್ಕೇ ನಮಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಹಿಂದಿನಿಂದ ಓಡಿ ಬಂದು ನಿಂತೆ. ಗೆರೆಯ ಹಿಂದೆ ಗೋಲ್‌ಕೀಪರ್, ಅವಳ ಪಕ್ಕದಲ್ಲಿ ನಾಲ್ಕು ಮುಖವಾಡ. ಅದರಲ್ಲೊಂದರ ಎದೆಯ ಮೇಲೆ ಏಳು. ನಾನು ಗೋಲನ್ನು ನೋಡಲಿಲ್ಲ. ಚೆಂಡು ಬಂತು, ನಿಂತಿತು, ಏಳು ಓಡಿ ಬಂತು, ಎರಡು ಮಾರು ದೂರದಲ್ಲಿದ್ದಾಗ ನನ್ನ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಚೆಂಡನ್ನು ಅವಳ ಬಲಗಾಲಿಗೆ ಹೊಡೆದೆ. ಕಾಯಿ ಒಡೆದ ಸದ್ದಾಯಿತು. ಅವಳು ಕೂಗಲಿಲ್ಲ. ಮೊದಲು ಕೂತಳು, ಆಮೇಲೆ ಪಕ್ಕಕ್ಕೆ ಒರಗಿದಳು, ಆಮೇಲೆ ಕೂಗಿದಳು.

ಅವಳು ಮಣ್ಣಿನಲ್ಲಿ ಹೊರಳುತ್ತಿದ್ದಾಗ ನಮ್ಮ ಕ್ಯಾಪ್ಟನ್ನೂ ಅವರ ಕ್ಯಾಪ್ಟನ್ನೂ ಅಂಪೈರಿನ ಮುಂದೆ ಜಗಳಕ್ಕೆ ನಿಂತರು. ಚೆಂಡು ಮಂಡಿಯ ಕೆಳಗೆ ಬಿದ್ದಿದ್ದರೆ ನಮಗೆ ಇನ್ನೊಂದು ಕಾರ್ನರ್, ಮಂಡಿಗೇ ಬಿದ್ದಿದ್ದರೆ ಅವರಿಗೆ ಫ್ರೀ ಹಿಟ್. "ಕೆಳಗೇ ಸಾರ್, ನಾನ್ ನೋಡ್ದೆ" ಎಂದು ನಮ್ಮವಳು ಅವಳ ಕಾಲಿನ ಕಡೆಗೇ ಬೆರಳು ಮಾಡಿ ತೋರಿಸುತ್ತಿದ್ದಳು. ಕಾಲು ಆಗಲೇ ಕುಂಬಳದಷ್ಟು ಊದಿತ್ತು. ನನಗೆ ಸಂತೋಷವಾಗಿತ್ತು. ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ, ಎರಡು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಎದೆ ಹಗುರವಾಗಿತ್ತು.

ಯಾರೋ ಅವಳ ಮುಖವಾಡ ಬಿಚ್ಚಿದರು. ನಾನು ಎಂದೂ ನೋಡಿರದ ಮುಖ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಹಣೆಯಲ್ಲಿ ವಿಭೂತಿ ಗೆರೆ ಬೆವರಿಗೆ ಕರಗುತ್ತಿತ್ತು. ಗೆರೆಯ ಹತ್ತಿರ ಹನ್ನೆರಡನೇ ನಂಬರಿನವಳು ತನ್ನ ಮುಖವಾಡ ತೆಗೆದಳು. ಅವಳೇ. ನನ್ನ ಹಲ್ಲು ಮುರಿದವಳು. ಅವಳು ಬಿದ್ದವಳನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಅಜ್ಜಿ ಹೇಳುತ್ತಿದ್ದಳು. ಬರೆ ಕಾಯಿಸಿ ಇಟ್ಟವಳು ನಾನೇ ಆಗಿದ್ದೆ.

"ಚೆಂಡು ಕಲ್ಲಿಗೆ ತಗುಲಿ ಎದ್ದಿದ್ದು ಕಣೇ, ನಿಂದೇನ್ ತಪ್ಪಿಲ್ಲ" ಎಂದು ಕ್ಯಾಪ್ಟನ್ ನನ್ನ ಬೆನ್ನು ತಟ್ಟಿದಳು. ಅಂಪೈರೂ ವರದಿಯಲ್ಲಿ ಹಾಗೆಯೇ ಬರೆದರು, ಮಣ್ಣಿನ ಮೈದಾನ, ಕಲ್ಲು, ಆಕಸ್ಮಿಕ. ಅಲ್ಲಿ ಕಲ್ಲಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಪರ್ಮನೆಂಟ್ ಆರ್ಡರಿನ ಫೈಲು ಆಗ ಮೇಲಿನವರ ಮೇಜಿಗೆ ಹೋಗಿತ್ತು, ಬೇಕೆಂದೇ ಕಾಲು ಮುರಿದವಳು ಎಂದರೆ ಫೈಲು ಅಲ್ಲಿಂದಲೇ ವಾಪಸ್ ಬರುತ್ತಿತ್ತು.

ಅವಳ ಮಂಡಿಚಿಪ್ಪು ಮೂರು ಹೋಳಾಗಿತ್ತು. ತಂತಿ ಹಾಕಿ ಬಿಗಿದರು. ಆಸ್ಪತ್ರೆಗೆ ಹೋಗಿ ನೋಡಿದೆ, ಅವಳಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. "ಎದುರು ಪಾರ್ಟಿಯೋಳು ನೋಡಕ್ ಬಂದವ್ಳೆ ನೋಡಿ" ಎಂದು ಪಕ್ಕದ ಹಾಸಿಗೆಯವರಿಗೆಲ್ಲ ಹೇಳಿದರು. ಅದು ಅವಳ ಮೊದಲನೆಯ ಲೀಗ್ ಪಂದ್ಯವಾಗಿತ್ತು. ಅವಳೂ ನನ್ನ ಹಾಗೆ ಕಾಂಟ್ರ್ಯಾಕ್ಟಿನವಳು, ಕಾಲು ಹೋದ ಮೇಲೆ ಅವರ ಕಚೇರಿ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ.

ಅವರ ಊರು ಅನುಗೊಂಡನಹಳ್ಳಿಯ ಆಚೆ. ಹೊಸಕೋಟೆಯಲ್ಲಿ ಬಸ್ಸು ಬದಲಾಯಿಸಿ ಹೋಗಬೇಕು. ತಿಂಗಳಿಗೊಂದು ಭಾನುವಾರ ಹೋಗತೊಡಗಿದೆ. ಪ್ರತಿ ಸಲವೂ ಇವತ್ತು ಹೇಳಿಯೇ ಬರುತ್ತೇನೆ ಎಂದು ಹೊರಡುತ್ತಿದ್ದೆ. ಅವಳು ಜಗಲಿಯ ಮೇಲೆ ಗೋಡೆಗೊರಗಿ, ಬಲಗಾಲನ್ನು ದಾರಿಗೆ ಅಡ್ಡಲಾಗಿ ಸ್ಟೂಲಿನ ಮೇಲೆ ಚಾಚಿ, ಕನಕಾಂಬರ ಕಟ್ಟುತ್ತಾ ಕೂತಿರುತ್ತಿದ್ದಳು. ಆ ಕಾಲು ಮಡಚುತ್ತಿರಲಿಲ್ಲ. ಒಳಗೆ ಹೋಗುವವರು ಅದನ್ನು ಸುತ್ತಿಕೊಂಡು ಹೋಗಬೇಕು. "ಬನ್ನಿ ಅಕ್ಕ" ಎನ್ನುತ್ತಿದ್ದಳು, ಅದಕ್ಕಿಂತ ಹೆಚ್ಚು ಮಾತಿಲ್ಲ. ಅವಳಮ್ಮನದು ಹಾಗಲ್ಲ. ಗಂಡ ತೀರಿಕೊಂಡ ಮೇಲೆ ಎರಡು ಹಸು, ಹೂವಿನ ತೋಟ ನೋಡಿಕೊಂಡು ಮಗಳನ್ನು ಓದಿಸಿದ ಹೆಂಗಸು. ನಾನು ಹೋದರೆ ಹಬ್ಬ. ನಾಟಿ ಕೋಳಿ ಕುಯ್ಯುತ್ತಿದ್ದರು. ಬಿಸಿ ಮುದ್ದೆ, ಮೇಲೆ ಸಾರು, ಬಟ್ಟಲಲ್ಲಿ ತುಪ್ಪ. "ಉಣ್ಣವ್ವ, ಉಣ್ಣು, ಮುದ್ದೆ ನುಂಗಕ್ ಹಲ್ಲೇನ್ ಬ್ಯಾಡ" ಎಂದು ನಗಿಸುತ್ತಿದ್ದರು. ಅಷ್ಟರಲ್ಲಿ ನಾನು ಹಲ್ಲು ಕಟ್ಟಿಸಿಕೊಂಡಾಗಿತ್ತು, ಅವು ನನ್ನ ನಿಜವಾದ ಹಲ್ಲೆಂದೇ ಅವರು ನಂಬಿದ್ದರು. "ಆಸ್ಪತ್ರೇಲಿ ನೋಡ್ದಾಗ ಯಾಕೋ ಇರ್ಲಿಲ್ಲ ಅನ್ನಿಸ್ತು, ಅತ್ತೂ ಅತ್ತೂ ನಂಗೇ ಕಣ್ ಮಂಜಾಗಿತ್ತೇನೋ" ಎಂದರು ಒಮ್ಮೆ. ನಾನು ಇನ್ನೊಂದು ತುತ್ತು ನುಂಗಿದೆ.

ಮಗಳು ನಮ್ಮ ಜೊತೆ ಒಂದು ದಿನವೂ ಉಣ್ಣಲಿಲ್ಲ. ಹಸಿವಿಲ್ಲ ಎನ್ನುತ್ತಿದ್ದಳು. "ಮನೆಗ್ ಬಂದೋರ್ ಜೊತೆ ಕೂತ್ಕಂಡು ಉಣ್ಣಕ್ಕೇನೇ ನಿಂಗೆ? ಕೋಳಿ ಕುಯ್ಬೇಡ ಅಂತೀಯಲ್ಲ ಬೇರೆ" ಎಂದು ತಾಯಿ ಬೈಯುತ್ತಿದ್ದರು. ಕಾಲಿನ ನೋವಿಗೆ ಹಾಗಾಡುತ್ತಾಳೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೂ ಅನುಕೂಲವಾಗಿತ್ತು.

ಒಂಬತ್ತು ತಿಂಗಳು ಕಳೆದವು. ಒಂದು ಶುಕ್ರವಾರ ಆರ್ಡರ್ ಬಂತು. ಕಚೇರಿಯಲ್ಲಿ ಮೈಸೂರುಪಾಕು ಹಂಚಿದೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ, ಈ ಸಲ ಹೇಳದೆ ಬರುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಇಷ್ಟು ದಿನ ಇರದ ಧೈರ್ಯ ಎರಡು ದಿನದಲ್ಲಿ ಎಲ್ಲಿಂದ ಬಂತು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ತಾಯಿ ಒಳಗೆ ಮುದ್ದೆಗೆ ಎಸರಿಟ್ಟಿದ್ದರು. ನಾನು ಜಗಲಿಯ ಮೇಲೆ ಅವಳ ಪಕ್ಕ ಕೂತೆ.

"ನಿನ್ಗೊಂದು ವಿಷ್ಯ ಹೇಳ್ಬೇಕು" ಎಂದೆ.

ಅವಳು ಹೂವಿನಿಂದ ಕಣ್ಣೆತ್ತಲಿಲ್ಲ. "ಆರ್ಡರ್ ಬಂತಾ ಅಕ್ಕ?"

"ಯಾವ ಆರ್ಡರ್?"

"ಪರ್ಮನೆಂಟ್ ಆರ್ಡರು. ಅದು ಬಂದ್ಮೇಲೆ ಹೇಳ್ತೀರ ಅಂದ್ಕೊಂಡಿದ್ದೆ."

ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ದಾರ ಎಳೆಯುತ್ತಾ, ಹೂ ಜೋಡಿಸುತ್ತಾ, ಬೇರೆ ಯಾರದೋ ಕಥೆಯ ಹಾಗೆ ಹೇಳಿದಳು. "ಅವತ್ತು ಬೆಳಿಗ್ಗೆ ನಿಮ್ ಹಲ್ಲು ಮುರ್ದ ನಮ್ಮ ಸೀನಿಯರ್ರು ಬಸ್ಸಲ್ಲೇ ನನ್ ಜೊತೆ ಅಂಗಿ ಬದಲಾಯ್ಸ್ಕೊಂಡ್ರು. ನಾಕನೇ ನಂಬರ್ನೋಳು ಏಳನೇ ನಂಬರ್ ಕಾಲ್ ಮುರೀತೀನಿ ಅಂತ ಊರೆಲ್ಲ ಹೇಳ್ಕೊಂಡ್ ತಿರುಗ್ತಾವ್ಳೆ, ಇವತ್ತು ನೀನ್ ಹಾಕ್ಕೋ, ನಿನ್ ಮೇಲೆ ಅವಳಿಗೇನು ದ್ವೇಷ ಇಲ್ವಲ್ಲ, ಮುಖ ನೋಡಿದ್ರೆ ಬಿಟ್ಬಿಡ್ತಾಳೆ ಅಂದ್ರು." ಒಂದು ಗಂಟು ಬಿಗಿದು ಸೇರಿಸಿದಳು. "ನೀವು ಮುಖಾನೇ ನೋಡ್ಲಿಲ್ಲ."

"ಗೊತ್ತಿದ್ದೂ ಯಾಕ್ ಓಡ್ ಬಂದೆ?"

"ಮೊದಲ್ನೇ ಮ್ಯಾಚು ಅಕ್ಕ. ಓಡ್ದೇ ಇದ್ರೆ ಮುಂದಿನ್ ಮ್ಯಾಚಿಗೆ ಅಂಗಿ ಇನ್ನೊಬ್ಳಿಗೆ."

ನಾನು ಅಳಲು ಶುರು ಮಾಡಿದೆ. ತಪ್ಪಾಯ್ತು ಎಂದು ಏನೇನೋ ಹೇಳಿದೆ. ಅವಳು ಕೈ ನಿಲ್ಲಿಸಿದ್ದು ಆಗಲೇ. "ಹೊಡ್ದಿದ್ದು ಹೋಗ್ಲಿ, ಆಟದಲ್ಲಿ ನಾನೂ ಯಾರಿಗಾದ್ರೂ ಹೊಡೀತಿದ್ದೆ. ಒಂಬತ್ತು ತಿಂಗ್ಳು ನಮ್ಮಮ್ಮನ್ ಕೈಲಿ ಉಂಡ್ರಲ್ಲ, ಅದು ನನ್ಗೆ ನೋಡಕ್ಕಾಗ್ತಿರ್ಲಿಲ್ಲ. ನೀವಾಗೇ ಹೇಳ್ತೀರೇನೋ ಅಂತ ನಾನೂ ಬಾಯ್ಬಿಡ್ಲಿಲ್ಲ. ನನ್ ಹತ್ರ ಅಳ್ಬೇಡಿ. ಒಳಗೋಗಿ ಅಮ್ಮಂಗೆ ಹೇಳಿ."

ಅವಳ ಕಾಲನ್ನು ಸುತ್ತಿಕೊಂಡು ಒಳಗೆ ಹೋದೆ. ತಾಯಿ ಒಲೆಯ ಮುಂದೆ ಕೂತು ಮುದ್ದೆ ಕೋಲಿನಿಂದ ಹಿಟ್ಟು ತಿರುವುತ್ತಿದ್ದರು. ಪಕ್ಕದಲ್ಲಿ ಸಾರು ಕುದಿಯುತ್ತಿತ್ತು. ನಿಂತೇ ಹೇಳಿದೆ. ಕಲ್ಲಿರಲಿಲ್ಲ ಎಂದೆ. ಬೇರೆಯವಳೆಂದು ತಿಳಿದು ಹೊಡೆದೆ ಎಂದೆ.

"ಬೇಕೂ ಅಂತ್ಲಾ?" ಎಂದರು.

"ಹೂಂ ಅಮ್ಮ. ಬೇಕೂಂತಲೇ."

ಅವರು ಎದ್ದದ್ದು ನನಗೆ ಕಾಣಲಿಲ್ಲ. ಕುದಿಯುವ ಹಿಟ್ಟು ಮೆತ್ತಿಕೊಂಡಿದ್ದ ಕೋಲು ನನ್ನ ಮುಂಗೈ ಮೇಲೆ ಬಿತ್ತು, ಅಲ್ಲೇ ಚರ್ಮ ಎದ್ದಿತು. ಎರಡನೆಯದು ಹೆಗಲಿಗೆ, ಮೂರನೆಯದು ಮತ್ತೆ ಅದೇ ಹೆಗಲಿಗೆ. ಅವರು ಒಂದು ಮಾತೂ ಬೈಯಲಿಲ್ಲ, ಉಸಿರು ಬಿಡುವ ಸದ್ದು ಮಾತ್ರ ಕೇಳುತ್ತಿತ್ತು. ಬೀಸಿ ಬರುವ ಕೋಲನ್ನು ತಡೆಯುವುದು ನಾನು ವರ್ಷಗಟ್ಟಲೆ ಕಲಿತ ಕೆಲಸ, ನನ್ನ ಕೈ ತಾನಾಗಿ ಮೇಲೇಳಲು ನೋಡಿತು. ಎರಡೂ ಕೈಯನ್ನು ಚೂಡಿದಾರದ ಪಕ್ಕಕ್ಕೆ ಒತ್ತಿ ಹಿಡಿದುಕೊಂಡೆ. ನಾಲ್ಕನೆಯದು ಕೆನ್ನೆಗೆ ಬಿತ್ತು. ಹಲ್ಲಿನ ಕಟ್ಟು ಬಾಯಿಂದ ಹಾರಿ ಒಲೆಯ ಮುಂದಿನ ಬೂದಿಯಲ್ಲಿ ಬಿತ್ತು.

ತಾಯಿ ಅದನ್ನು ನೋಡಿದರು. ಕೋಲು ಕೈಯಿಂದ ಜಾರಿತು. ತಾವೇ ನನ್ನ ಹಲ್ಲು ಮುರಿದೆವೆಂದು ತಿಳಿದು ಅವರ ಮುಖ ಬಿಳಿಚಿಕೊಂಡಿತು. ಕುಕ್ಕರುಗಾಲಿನಲ್ಲಿ ಕೂತು, ಬೆರಳಿನಲ್ಲಿ ಬೂದಿ ಕೆದಕಿ ಆ ಎರಡು ಹಲ್ಲನ್ನು ಎತ್ತಿಕೊಂಡರು. "ಅಯ್ಯೋ ಶಿವನೇ, ಹಲ್ಲೇ ಉದುರಿಸ್ಬಿಟ್ನಲ್ಲ" ಎಂದರು.

"ಅವು ಕಟ್ಸಿದ್ ಹಲ್ಲು ಬಿಡಮ್ಮ" ಎಂದು ಜಗಲಿಯಿಂದ ಮಗಳ ದನಿ ಬಂತು. "ಅದಕ್ಕೇ ನನ್ ಕಾಲ್ ಹೋಗಿದ್ದು."

ತಾಯಿ ಅಂಗೈಯಲ್ಲಿದ್ದ ಹಲ್ಲನ್ನೇ ತುಂಬ ಹೊತ್ತು ನೋಡುತ್ತಾ ಕೂತರು. ಇಷ್ಟಕ್ಕಾ ಎಂದು ಕೇಳುತ್ತಾರೆಂದು ಕಾದೆ, ಕೇಳಲಿಲ್ಲ. ಪಾತ್ರೆಯಲ್ಲಿ ಹಿಟ್ಟು ತಳ ಹಿಡಿದು ಸೀಯತೊಡಗಿತ್ತು. ಆಮೇಲೆ ಎದ್ದು, ಬಿಂದಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ, ಅವನ್ನು ಬೂದಿ ಹೋಗುವ ಹಾಗೆ ಎರಡು ಸಲ ತೊಳೆದು, ಸೆರಗಿನಲ್ಲಿ ಒರೆಸದೆ ಹಾಗೆಯೇ ನನ್ನ ಕೈಗೆ ಕೊಟ್ಟರು.

"ಇನ್ಮ್ಯಾಲೆ ಈ ಕಡೆ ಬರ್ಬೇಡ ಕಣವ್ವ" ಎಂದರು.

ಒದ್ದೆ ಹಲ್ಲುಗಳನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದೆ. ಅವಳು ಮತ್ತೆ ಹೂ ಕಟ್ಟುತ್ತಿದ್ದಳು. ನಾನು ಸುತ್ತಿಕೊಂಡು ಹೋಗಲು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟೆ. ಅವಳು ದಾರವನ್ನು ಮಡಿಲಿಗೆ ಹಾಕಿ, ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಸ್ಟೂಲಿನಿಂದ ಇಳಿಸಿ ದಾರಿ ಬಿಟ್ಟಳು.